ಗೆಳತಿಯ ಪಾಲಿನ ಸುದ್ದಿ

ಕಾರ್ಮೊಯ್ ದ್ವೀಪದಲ್ಲಿ ಯಾರ ಮನೆಯಲ್ಲಾದರೂ ಸಾವಾಯಿತೆಂದರೆ ಮೊದಲು ಬರುವವರು ಪಾದ್ರಿ, ಅವರ ಬೆನ್ನ ಹಿಂದೆಯೇ ಗುನ್ವೋರ್. ಪಾದ್ರಿ ಸುದ್ದಿ ಹೇಳಿ, ಪ್ರಾರ್ಥನೆ ಮಾಡಿ ಹೊರಟುಬಿಡುತ್ತಿದ್ದರು. ಆಮೇಲಿನದೆಲ್ಲ ಗುನ್ವೋರಳ ಪಾಲಿಗೆ. ಕಿಟಕಿಗಳಿಗೆ ಬಿಳಿ ಹಾಸುಬಟ್ಟೆ ಕಟ್ಟುವುದು, ಬಾಗಿಲಿನಿಂದ ಬೀದಿಯವರೆಗೆ ಹಸಿರು ಟೊಂಗೆ ಕತ್ತರಿಸಿ ಹರಡುವುದು, ಕಾಫಿಗೆ ನೀರಿಡುವುದು, ಅಳುವವರನ್ನು ಅಳಲು ಬಿಟ್ಟು ಅಳದವರ ಪಕ್ಕದಲ್ಲಿ ಕೂರುವುದು. ಯಾರೂ ಕರೆಯುತ್ತಿರಲಿಲ್ಲ, ಅವಳೇ ಬರುತ್ತಿದ್ದಳು. "ಗುನ್ವೋರ್ ಒಳಗೆ ಕಾಲಿಟ್ಟರೆ ಅರ್ಧ ದುಃಖ ಹಿತ್ತಲಿಂದ ಆಚೆ ಹೋಗುತ್ತೆ" ಎಂದು ಊರವರು ಹೇಳುತ್ತಿದ್ದರು. ಆ ಮಾತು ಅವಳ ಕಿವಿಗೂ ಬಿದ್ದಿತ್ತು, ಬಿದ್ದ ಮೇಲೆ ಕೊಂಚ ಹೆಮ್ಮೆಯೂ ಬಂದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಈ ವಿದ್ಯೆ ಅವಳಿಗೆ ಪುಕ್ಕಟೆಯಾಗಿ ಬಂದದ್ದಲ್ಲ. ಹೆರ್ರಿಂಗ್ ಮೀನಿಗೆ ಹೋದ ಗಂಡ ನೀಲ್ಸ್ ದೋಣಿ ಸಮೇತ ಮರಳಿ ಬಾರದೆ ಹೋದಾಗ ಅವಳಿಗೆ ಮೂವತ್ತು ವರ್ಷ, ಮಗ ಸ್ವೇನುಂಗ್ ಇನ್ನೂ ತೊಟ್ಟಿಲ ಕೂಸು. ಅಂದು ಬಂದ ಮುದಿ ಪಾದ್ರಿ ಹ್ಯಾಟು ತೆಗೆದು ಎದೆಗೊತ್ತಿಕೊಂಡು, ದೇವರ ಇಚ್ಛೆಯಿಂದ ಶುರುಮಾಡಿ, ಕಡಲನ್ನು ಸೃಷ್ಟಿಸಿದವನ ಮಹಿಮೆಯನ್ನೆಲ್ಲ ಹೇಳಿ, ಕೊನೆಗೆ ವಿಷಯಕ್ಕೆ ಬಂದಿದ್ದರಂತೆ. "ಅಷ್ಟು ಹೊತ್ತೂ ನಾನು ಒಲೆಯ ಮುಂದೆ ನಿಂತ್ಕೊಂಡು, ಸತ್ತ ಅಂತಾನಾದ್ರೂ ಹೇಳಯ್ಯಾ, ಇಲ್ಲ ಅಂತಾನಾದ್ರೂ ಹೇಳಯ್ಯಾ ಅಂತ ಮನಸ್ಸಲ್ಲೇ ಬಯ್ಯುತ್ತಿದ್ದೆ" ಎಂದು ಗುನ್ವೋರ್ ಹೇಳುವಳು. ಪಾದ್ರಿಗಳ ಮೇಲೆ ಅವಳಿಗೆ ಅಂದಿನಿಂದಲೂ ಒಂದು ಸಿಟ್ಟು.

ನಮ್ಮ ಕಡಲ ತೀರದಲ್ಲಿ ಇದೊಂದು ಕಟ್ಟುನಿಟ್ಟು. ಸಾವಿನ ಸುದ್ದಿಯನ್ನು ಪಾದ್ರಿಯೇ ಮನೆಬಾಗಿಲಿಗೆ ಹೊತ್ತು ತರಬೇಕು, ಸಲ್ಲಬೇಕಾದವರ ಮುಖ ನೋಡಿಯೇ ಹೇಳಬೇಕು. ಫೋನಿನಲ್ಲಿ ಹೇಳುವಂತಿಲ್ಲ. ಹಡಗಿನ ರೇಡಿಯೊದಲ್ಲಂತೂ ಖಂಡಿತ ಹೇಳುವಂತಿಲ್ಲ, ಏಕೆಂದರೆ ಕಡಲ ಮೇಲೆ ಆಡಿದ ಪ್ರತಿ ಮಾತನ್ನೂ ತೀರದುದ್ದಕ್ಕೂ ಅಡುಗೆಮನೆಯ ರೇಡಿಯೊಗಳಲ್ಲಿ ಕಿವಿಗೊಟ್ಟು ಕೇಳುವ ಜನ ನಾವು. ಪಾದ್ರಿ ಸುಮ್ಮನೆ ಕಾಫಿಗೆಂದು ಬರುವುದಾದರೆ ಬಿಳಿ ಕೊರಳಪಟ್ಟಿ ತೆಗೆದೇ ಬರಬೇಕು. ಪಟ್ಟಿ ಧರಿಸಿ ವಾರದ ನಡುವೆ ಬೀದಿಗಿಳಿದರೋ, ಪರದೆಯ ಹಿಂದೆ ನಿಂತ ಹೆಂಗಸರೆಲ್ಲ, ಯಾರ ಬಾಗಿಲು, ಯಾರ ಬಾಗಿಲು ಎಂದು ಉಸಿರು ಬಿಗಿ ಹಿಡಿಯುತ್ತಾರೆ. ತಮ್ಮ ಬಾಗಿಲು ದಾಟಿ ಹೋದರೆ ದೇವರೇ ಎಂದು ಉಸಿರು ಬಿಡುತ್ತಾರೆ. ಪಕ್ಕದ ಮನೆಯವಳ ಪಾಡು ನೆನಪಾಗುವುದು ಅದಾದ ಮೇಲೆ.

ಸಾವಿರದ ಒಂಬೈನೂರ ಎಂಬತ್ತರ ಮಾರ್ಚಿನಲ್ಲಿ, ಈಸ್ಟರ್ ಹಬ್ಬಕ್ಕೆ ಇನ್ನೂ ಹತ್ತು ಹನ್ನೆರಡು ದಿನವಿದೆ ಎನ್ನುವಾಗ, ಗುನ್ವೋರ್ ಜೀವಮಾನದಲ್ಲಿ ಮೊದಲ ಸಲ ಪ್ರವಾಸ ಹೊರಟಳು. ಜೊತೆಗೆ ಇಬ್ಬರು ಗೆಳತಿಯರು, ಸಿಗ್ನಿ ಮತ್ತು ಬೋರ್ಗಿಲ್ಡ್. ಮೂವರೂ ಸಾರ್ಡೀನ್ ಕಾರ್ಖಾನೆಯಲ್ಲಿ ಒಂದೇ ಮೇಜಿನ ಮುಂದೆ ನಿಂತು ಡಬ್ಬಿಗೆ ಮೀನು ಜೋಡಿಸುತ್ತ ಮುದುಕಿಯರಾಗುತ್ತಿದ್ದವರು. ಬರ್ಗೆನ್‌ನಿಂದ ತೀರ ಹಿಡಿದು ಉತ್ತರದ ತುದಿಯವರೆಗೆ ಹೋಗುವ ಅಂಚೆ ಹಡಗನ್ನು ಚಿಕ್ಕಂದಿನಿಂದ ಕೇಳಿಬಲ್ಲರೇ ಹೊರತು ಹತ್ತಿರಲಿಲ್ಲ. ಬದುಕೆಲ್ಲ ಕಡಲ ಪಕ್ಕದಲ್ಲೇ ಕಳೆದು, ಕಡಲ ಮೇಲೆ ಸುಮ್ಮನೆ ಕೂತು ಹೋಗುವ ಸುಖ ಒಮ್ಮೆಯಾದರೂ ಬೇಡವೇ ಎಂದು ಬೋರ್ಗಿಲ್ಡ್ ಹಟ ಹಿಡಿದು ಹೊರಡಿಸಿದ್ದಳು.

ಬೋರ್ಗಿಲ್ಡ್ ಮದುವೆಯಾಗದವಳು, ಬಾಯಿ ಜೋರು. ಸಿಗ್ನಿ ಪ್ರಾರ್ಥನಾಮಂದಿರದ ಹೆಂಗಸು. ಇಸ್ಪೀಟು ಪಾಪ, ಕುಣಿತ ಪಾಪ, ಹುಡುಗ ಹುಡುಗಿ ಮದುವೆಗೆ ಮುಂಚೆ ಒಂದೇ ಬೆಂಚಿನಲ್ಲಿ ಕೂತರೂ ಪಾಪ. ಗುರುವಾರದ ಸಂಜೆ ಹಡಗಿನ ಕೂಟದ ಕೋಣೆಯಲ್ಲಿ ಬೋರ್ಗಿಲ್ಡ್ ಚೀಲದಿಂದ ಇಸ್ಪೀಟು ಕಟ್ಟು ತೆಗೆದಾಗ ಸಿಗ್ನಿ ಹೆಣೆಯುತ್ತಿದ್ದ ಕಾಲುಚೀಲವನ್ನೇ ಕಣ್ಣಿಗೆ ಅಡ್ಡ ಹಿಡಿದಳು.

"ಒಂದೇ ಒಂದಾಟ ಕಣೇ. ಇಷ್ಟು ಉತ್ತರಕ್ಕೆ ಬಂದ ಮೇಲೆ ದೇವರಿಗೂ ಚಳಿ, ಆಚೆ ಬಂದು ನೋಡಲ್ಲ" ಎಂದಳು ಬೋರ್ಗಿಲ್ಡ್.

"ನಿನ್ನ ಬಾಯಿಗೆ ಉಪ್ಪುಮೀನು ಹಾಕ! ಪ್ರಾರ್ಥನಾಮಂದಿರದ ನೆಲ ಗುಡಿಸೋ ಕೈ ಇದು. ಇಸ್ಪೀಟು ಮುಟ್ಟಿಸ್ತೀಯಾ?"

"ಮುಟ್ಟಬೇಡ ಮಾರಾಯ್ತಿ. ಎಲೆ ನಾನೇ ಎಸೀತೀನಿ, ನೀನು ಕಣ್ಣಲ್ಲೇ ಆಡು."

ಗುನ್ವೋರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಗ ಹಡಗಿನ ಊಟದ ಮೇಲ್ವಿಚಾರಕ, ದಪ್ಪ ಮೀಸೆಯವನು, ಗೋಡೆಯ ರೇಡಿಯೊ ಬಳಿ ಹೋಗಿ ದನಿ ಏರಿಸಿದ.

ಉತ್ತರ ಸಮುದ್ರದಲ್ಲಿ, ಎಣ್ಣೆಬಾವಿಯ ಕೆಲಸಗಾರರು ಉಂಡು ಮಲಗುವ ತೇಲುವ ವೇದಿಕೆಯೊಂದರ ಕಾಲು ಮುರಿದಿದೆ. ವೇದಿಕೆ ಮಗುಚಿಕೊಂಡಿದೆ. ಅದರ ಮೇಲೆ ಇನ್ನೂರಕ್ಕೂ ಹೆಚ್ಚು ಜನರಿದ್ದರು. ಗಾಳಿ, ಮಂಜು, ಎತ್ತರದ ಅಲೆ. ರೇಡಿಯೊದವನು ವೇದಿಕೆಯ ಹೆಸರನ್ನು ಎರಡು ಸಲ ಹೇಳಿದ.

ಆ ಹೆಸರು ಆ ಮೂವರಿಗೂ ಗೊತ್ತಿತ್ತು. ಸಿಗ್ನಿಯ ಮಗ ಔಡುನ್, ಗುನ್ವೋರಳ ಮಗ ಸ್ವೇನುಂಗ್ ಇಬ್ಬರೂ ಅಲ್ಲಿಯೇ ದುಡಿಯುತ್ತಿದ್ದವರು. ಒಂದೇ ಬೀದಿಯಲ್ಲಿ ಬೆಳೆದು, ಒಂದೇ ಸೈಕಲ್ಲಿನಿಂದ ಬಿದ್ದು, ಒಂದೇ ದಿನ ಎಣ್ಣೆ ಕೆಲಸಕ್ಕೆ ಸೇರಿದವರು. ಪಾಳಿ ಮಾತ್ರ ಬೇರೆ ಬೇರೆ. ಹೆಲಿಕಾಪ್ಟರಿನಲ್ಲಿ ಇವನು ಹೋದರೆ ಅವನು ಬರುತ್ತಿದ್ದ. ನಿನ್ನೆ, ಬುಧವಾರ, ಔಡುನ್ ಹೋಗುವ ಸರದಿ. ಸ್ವೇನುಂಗ್ ಇಳಿಯುವ ಸರದಿ.

ಕೋಣೆಯಲ್ಲಿ ಯಾರೂ ಕಿರುಚಲಿಲ್ಲ. ಗರ ಬಡಿದವರ ಹಾಗೆ ಎಲ್ಲರೂ ರೇಡಿಯೊವನ್ನೇ ನೋಡುತ್ತ ಕೂತರು. ಸಿಗ್ನಿಯ ಮುಖದಲ್ಲಿ ರಕ್ತವಿರಲಿಲ್ಲ, ಆದರೆ ಕೈ ಹೆಣೆಯುವುದನ್ನು ಬಿಟ್ಟಿರಲಿಲ್ಲ. ಹಿಮ್ಮಡಿಗೆ ತಿರುಗಿಸಬೇಕಾದ ಜಾಗ ದಾಟಿ ಕಾಲುಚೀಲ ಉದ್ದಕ್ಕೆ ಬೆಳೆಯುತ್ತಲೇ ಹೋಯಿತು. ಗುನ್ವೋರ್ ಎದ್ದು ಹೋಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೂಜಿ ತೆಗೆದಿಟ್ಟಳು.

"ಬದುಕಿದ್ದಾನೆ ಅಂದ್ಕೋ" ಎಂದಳು. "ಗೊತ್ತಾಗೋವರೆಗೂ ಬದುಕಿದ್ದಾನೆ."

ಹೇಳಿದ್ದು ನಿಜ, ಹೇಳುವಾಗ ಅವಳ ಕಣ್ಣಲ್ಲಿ ನೀರಿದ್ದದ್ದೂ ನಿಜ. ಆದರೆ ಒಳಗೆ ಇನ್ನೊಂದು ನಡೆಯುತ್ತಿತ್ತು. ಬುಧವಾರ. ನನ್ನ ಮಗ ಬುಧವಾರ ಇಳಿದಿದ್ದಾನೆ. ಚಳಿಯಲ್ಲಿ ಬಿಸಿ ಕಾಫಿ ಗಂಟಲಿಳಿದ ಹಾಗೆ ಆ ಯೋಚನೆ ಅವಳ ಹೊಟ್ಟೆಯಲ್ಲೆಲ್ಲ ಹರಡಿತು. ನಾಚಿಕೆಯಾಯಿತು. ಥೂ, ನಾನೆಂಥವಳು ಎಂದುಕೊಂಡಳು. ಅಂದುಕೊಂಡರೂ ಆ ಬಿಸಿ ಆರಲಿಲ್ಲ.

ಸ್ವೇನುಂಗ್ ಈಗ ಬೆಟ್ಟದ ಮೇಲಿದ್ದಾನೆ. ಭಾನುವಾರ ವೇದಿಕೆಯಿಂದ ಫೋನು ಮಾಡಿದಾಗಲೇ ಹೇಳಿದ್ದನಲ್ಲ, "ಬುಧವಾರ ಇಳಿದವನೇ ಸೀದಾ ಅಪ್ಪನ ಬೆಟ್ಟದ ಮನೆಗೆ ಹೋಗ್ತೀನಮ್ಮ. ಹಬ್ಬ ಮುಗಿಯೋವರೆಗೂ ನನ್ನನ್ನ ಹುಡುಕಬೇಡ" ಎಂದು. ಈಸ್ಟರ್ ಬಂದರೆ ನಮ್ಮ ದೇಶದ ಅರ್ಧ ಜನ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತಿ, ಹಿಮದ ನಡುವಿನ ಮರದ ಮನೆಯಲ್ಲಿ ಕಿತ್ತಳೆ ಹಣ್ಣು ತಿನ್ನುತ್ತ ಕೂರುತ್ತಾರೆ. ಅಲ್ಲಿ ಕರೆಂಟಿಲ್ಲ, ಫೋನಿಲ್ಲ. ಬೆಟ್ಟಕ್ಕೆ ಹೋದವನ ಸುದ್ದಿ ಬಾರದಿದ್ದರೆ ಅವನು ಸುಖವಾಗಿದ್ದಾನೆ ಎಂದೇ ಅರ್ಥ. ಸುದ್ದಿಯಿಲ್ಲವಲ್ಲ ಎಂದು ಹೆದರುವ ತಾಯಿ ನಮ್ಮಲ್ಲಿಲ್ಲ.

ಶುಕ್ರವಾರ ಬೆಳಗಾದಾಗ ಹಡಗು ಉತ್ತರ ಧ್ರುವ ವೃತ್ತ ದಾಟಿತು. ಬೇರೆ ದಿನವಾಗಿದ್ದರೆ ಗಂಟೆ ಬಾರಿಸಿ, ಮೊದಲ ಸಲ ದಾಟಿದವರ ಕತ್ತಿನೊಳಗೆ ಮಂಜುಗಡ್ಡೆ ಸುರಿದು ಗೇಲಿ ಮಾಡುತ್ತಿದ್ದರು. ಅಂದು ಯಾರೂ ಬಾರಿಸಲಿಲ್ಲ. ದಾಟುವ ಬಂದರುಗಳಲ್ಲೆಲ್ಲ ಬಾವುಟ ಅರ್ಧಕ್ಕಿಳಿದಿತ್ತು. ದೋಣಿಗಳ ಮೇಲೆ, ಶಾಲೆಯ ಅಂಗಳದಲ್ಲಿ, ಯಾರೋ ಮುದುಕನ ಕೋಳಿಗೂಡಿನ ಮುಂದಿನ ಕಂಬದಲ್ಲಿ ಸಹ. ಕಟ್ಟೆಯ ಮೇಲೆ ಹಗ್ಗ ಹಿಡಿಯುವವರು ಹಗ್ಗ ಹಿಡಿದರು, ಮೂಟೆ ಇಳಿಸುವವರು ಇಳಿಸಿದರು. ಒಬ್ಬರೂ ಕೂಗಿ ಮಾತಾಡಲಿಲ್ಲ. ಸಮುದ್ರವನ್ನೇ ನಂಬಿ ಬದುಕಿದ ದೇಶ, ದೋಣಿ ಮುಳುಗುವುದನ್ನು ಕಂಡಿತ್ತು. ಕಬ್ಬಿಣದ ಊರಿಗೆ ಊರೇ ಉಣ್ಣುವ ಹೊತ್ತಿನಲ್ಲಿ ಮಗುಚಿಕೊಳ್ಳುತ್ತದೆಂದು ಯಾರು ಎಣಿಸಿದ್ದರು?

"ಎಣ್ಣೆ ಬಂತು, ಇನ್ಮೇಲೆ ಗಂಡಸರು ದೋಣೀಲಿ ಸಾಯೋದು ತಪ್ಪಿತು ಅಂದಿದ್ರು" ಎಂದಳು ಬೋರ್ಗಿಲ್ಡ್, ಕಿಟಕಿಗೆ ಹಣೆಯಾನಿಸಿ. "ಹಾಳಾದ್ದು." ಅವಳ ಇಸ್ಪೀಟು ಎಲ್ಲಿ ಹೋಯಿತೋ, ಮತ್ತೆ ಕಾಣಲಿಲ್ಲ.

ಬೋಡೋ ಬಂದರಿನಲ್ಲಿ ಹಡಗು ಹೆಚ್ಚು ಹೊತ್ತು ನಿಲ್ಲುತ್ತದೆ. ಸಿಗ್ನಿ ಕೂತಲ್ಲಿಂದ ಏಳಲೊಲ್ಲಳು. ಅವಳನ್ನು ಬೋರ್ಗಿಲ್ಡಳ ವಶಕ್ಕೆ ಕೊಟ್ಟು ಗುನ್ವೋರ್ ತಂತಿ ಕಚೇರಿಗೆ ಓಡಿದಳು. ಫೋನಿನ ಮುಂದೆ ಸಾಲು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೊನೆಗೂ ಕಂಪನಿಯ ಲೈನು ಸಿಕ್ಕಿತು. ಆ ಕಡೆ ಒಬ್ಬ ಹುಡುಗಿಯ ದನಿ, ಅತ್ತು ಅತ್ತು ಒಣಗಿ ಹೋದದ್ದು.

"ಯಾರನ್ನ ಕೇಳ್ತಿದ್ದೀರಿ?"

ಗುನ್ವೋರ್ ಔಡುನನ ಪೂರ್ತಿ ಹೆಸರು, ಊರು ಹೇಳಿದಳು. ಆ ಕಡೆ ಕಾಗದ ಸರಿದಾಡಿತು.

"ಬದುಕಿ ಬಂದವರಲ್ಲಿ ಆ ಹೆಸರು ಇಲ್ಲಮ್ಮಾ. ಇನ್ನೂ ಹುಡುಕ್ತಿದ್ದಾರೆ. ಈಗ ಇಷ್ಟೇ ಹೇಳೋಕಾಗೋದು." ಹುಡುಗಿ ಸ್ವಲ್ಪ ತಡೆದು ಕೇಳಿದಳು, "ನಿಮ್ಮ ಕಡೆಯವರು ಬೇರೆ ಯಾರಾದ್ರೂ ಇದ್ರಾ?"

"ಇಲ್ಲ ತಾಯಿ. ನನ್ನ ಮಗ ಅಲ್ಲೇ ಕೆಲಸ ಮಾಡೋನು, ಬುಧವಾರ ಇಳಿದ. ದೇವರು ದೊಡ್ಡವನು" ಎಂದಳು ಗುನ್ವೋರ್.

ಫೋನಿಟ್ಟು ತಿರುಗಿದರೆ ಹಿಂದಿನ ಹೆಂಗಸು ಅವಳನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಳು. ಗುನ್ವೋರ್ ತಲೆ ತಗ್ಗಿಸಿ ಹೊರಬಂದಳು. ಹಡಗಿನವರೆಗೆ ನಡೆಯುತ್ತ ಒಂದು ತೀರ್ಮಾನಕ್ಕೆ ಬಂದಳು. ಬದುಕಿದವರಲ್ಲಿ ಇಲ್ಲ ಎಂದರೆ ಇನ್ನೆಲ್ಲಿದ್ದಾನು? ಈ ಮಾರ್ಚಿನ ನೀರಿನಲ್ಲಿ ಯಾರು ಉಳಿದಾರು? ಆದರೆ ಅದನ್ನು ಹೇಳುವವಳು ತಾನಲ್ಲ. ಪಾದ್ರಿ ಬರಲಿ. ಅಲ್ಲಿಯವರೆಗೆ ಹುಡುಗ ಬದುಕಿರಲಿ.

"ಲೈನು ಸಿಗಲೇ ಇಲ್ಲ ಕಣೇ" ಎಂದು ಸಿಗ್ನಿಗೆ ಹೇಳಿದಳು. ಸಿಗ್ನಿ ಅವಳ ಕಣ್ಣನ್ನೇ ನೋಡಿದಳು. ನಂಬಿದಳೋ, ನಂಬಬೇಕೆಂದು ನಂಬಿದಳೋ.

ಅಂದು ಉಳಿದ ಹೊತ್ತೆಲ್ಲ, ಲೋಫೋಟೆನ್ ಬೆಟ್ಟಗಳು ಕಡಲಿನಿಂದ ಎದ್ದು ಬಂದು ಹಿಂದೆ ಸರಿಯುತ್ತಿರುವಾಗ, ಸಿಗ್ನಿ ಗುನ್ವೋರಳ ಕೈ ಬಿಡಲಿಲ್ಲ. ಏನೇನೋ ಮಾತಾಡಿದಳು. ಔಡುನ್ ಆರು ವರ್ಷದವನಿದ್ದಾಗ ಕೋಪ ಮಾಡಿಕೊಂಡು ಮೀನಿನ ಪೀಪಾಯಿಯಲ್ಲಿ ಅಡಗಿದ್ದು, ಊರೆಲ್ಲ ಹುಡುಕಿದರೆ ನಾರುತ್ತ ಎದ್ದು ಬಂದದ್ದು. ಹೇಳಿ ನಕ್ಕಳು.

"ಹೋಗೋಕೆ ಮುಂಚೆ ಬಯ್ದೆ ಕಣೇ ಅವನನ್ನ. ಯಾವಳೋ ಹುಡುಗಿ ಜೊತೆ ಸಿನಿಮಾಕ್ಕೆ ಹೋಗಿದ್ನಂತೆ. ಪ್ರಾರ್ಥನೆಗೆ ಬರದೋನು ನನ್ನ ಮನೆಗೂ ಬರಬೇಡ ಅಂದುಬಿಟ್ಟೆ. ಬರಬೇಡ ಅಂದೆ, ಗುನ್ವೋರ್. ನನ್ನ ಬಾಯಿಂದಲೇ ಅಂದೆ."

"ತಾಯಿ ಬೈಗುಳ ಹತ್ತಲ್ಲ ಬಿಡು."

"ನೀನು ಪುಣ್ಯವಂತೆ. ನಿನ್ನ ಮಗ ಬೆಟ್ಟದ ಮೇಲಿದ್ದಾನೆ."

ಗುನ್ವೋರ್ ಸಿಗ್ನಿಯ ತಲೆಯನ್ನು ಭುಜಕ್ಕೊತ್ತಿಕೊಂಡಳು. ಒಳಗೆ ಆ ಬಿಸಿ ಇನ್ನೂ ಇತ್ತು. ಅವಳು ಅದನ್ನು ಬಯ್ದಳು, ಶಪಿಸಿದಳು, ಪ್ರಾರ್ಥನೆ ಹೇಳಿ ಓಡಿಸಲು ನೋಡಿದಳು. ಸಿಗ್ನಿ ಬಿಕ್ಕಿದಷ್ಟೂ ಅದು ಹೆಚ್ಚಾಗುತ್ತಿತ್ತು. ನನ್ನವನಲ್ಲ, ನನ್ನವನಲ್ಲ. ಪರದೆಯ ಹಿಂದೆ ನಿಂತ ಎಲ್ಲ ಹೆಂಗಸರ ಹಾಗೆ ಅವಳೂ ಉಸಿರು ಬಿಡುತ್ತಿದ್ದಳು.

ಶನಿವಾರ ಬೆಳಗ್ಗೆ ತಿಂಡಿ ಮುಗಿದು ಬಹಳ ಹೊತ್ತಾದ ಮೇಲೆ ಮೀಸೆಯ ಮೇಲ್ವಿಚಾರಕ ಒಂದು ದೊಡ್ಡ ತಟ್ಟೆಯ ತುಂಬ ಬಿಸಿ ವಾಫಲ್, ಕೆನೆ, ಹಣ್ಣಿನ ಪಾಕ, ಒಂದು ಹೂಜಿ ಕಾಫಿ ತಂದು ಅವರ ಮೇಜಿನ ಮೇಲಿಟ್ಟ. ಯಾರೂ ಕೇಳಿರಲಿಲ್ಲ.

"ಇದೇನು, ನಾವು ಹೇಳಿಲ್ವಲ್ಲ" ಎಂದಳು ಬೋರ್ಗಿಲ್ಡ್.

"ಇರಲಿ, ತಿನ್ನಿ" ಎಂದು ಅವನು ಮೇಜುಬಟ್ಟೆಯನ್ನೇ ನೋಡುತ್ತ ಹೇಳಿ, ಬೇಗಬೇಗ ಹೊರಟುಹೋದ.

ನಮ್ಮವರು ಕೇಳದೆ ಏನನ್ನೂ ಕೊಡುವ ಜನರಲ್ಲ. ಕೇಳದೆ ವಾಫಲ್ ಬಂತೆಂದರೆ ಅದರ ಹಿಂದೆ ಏನೋ ಬರುತ್ತಿದೆ. ಗುನ್ವೋರ್ ಸದ್ದಿಲ್ಲದೆ ಎದ್ದು ಹೊರಗೆ ಹೋಗಿ, ಮೆಟ್ಟಿಲ ಬಳಿ ಹಡಗಿನ ಉಪನಾಯಕನನ್ನು ಅಡ್ಡಗಟ್ಟಿದಳು.

"ರೇಡಿಯೊದಲ್ಲಿ ಏನು ಬಂತು?"

"ಏನೂ ಇಲ್ಲಮ್ಮಾ."

"ಸುಳ್ಳು ಹೇಳಬೇಡ. ನಾನು ಕಡಲ ಹೆಂಗಸು."

ಅವನು ಟೋಪಿಯ ಅಂಚು ಹಿಡಿದು ತಿರುಗಿಸಿದ. "ಕಾರ್ಮೊಯ್‌ಯಿಂದ ಮೂವರು ಹೆಂಗಸರು ಹಡಗಲ್ಲಿದ್ದಾರಾ ಅಂತ ಕೇಳಿದ್ರು. ಇದ್ದಾರೆ ಅಂದ್ವಿ. ಅಷ್ಟೇ. ಆಣೆ, ಅಷ್ಟೇ."

"ಎಲ್ಲಿ ಹತ್ತುತ್ತಾರೆ?"

"ಫಿನ್‌ಸ್ನೆಸ್‌ನಲ್ಲಿ" ಎಂದವನು ನಾಲಿಗೆ ಕಚ್ಚಿಕೊಂಡ. ಯಾರು ಹತ್ತುತ್ತಾರೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಗುನ್ವೋರ್ ಬೋರ್ಗಿಲ್ಡಳನ್ನು ಬಾಗಿಲಿಗೆ ಕರೆದು ಪಿಸುಗುಟ್ಟಿದಳು. "ಪಾದ್ರಿ ಬರ್ತಿದ್ದಾರೆ. ಸಿಗ್ನೀನ ಇಲ್ಲೇ ಹಿಡಿದಿಟ್ಕೋ. ಕಿಟಕಿ ಕಡೆ ಬೆನ್ನು ಮಾಡಿ ಕೂರಿಸು."

"ಅಯ್ಯೋ ದೇವರೇ. ನೀನೆಲ್ಲಿಗೆ?"

"ಮೊದಲು ನಾನು ನೋಡ್ತೀನಿ. ಅವಳ ಹೃದಯ ಗಟ್ಟಿಯಿಲ್ಲ, ಗೊತ್ತಲ್ಲ. ಯಾರೋ ಗೊತ್ತಿಲ್ಲದ ಊರಿನ ಪಾದ್ರಿ, ಹೇಗೆ ಹೇಳ್ತಾನೋ ಏನೋ. ಮೊದಲ ಏಟು ನಾನು ತಗೋತೀನಿ."

ಫಿನ್‌ಸ್ನೆಸ್ ಕಟ್ಟೆಯ ಮೇಲೆ ಹಿಮ ಉದುರುತ್ತಿತ್ತು. ಹಡಗು ಇನ್ನೂ ಹಗ್ಗ ಎಸೆಯುವ ಮುಂಚೆಯೇ ಗುನ್ವೋರ್ ಆ ಕಪ್ಪು ಕೋಟನ್ನು ಕಂಡಳು. ಕೋಟಿನ ಕೊರಳಲ್ಲಿ ಬಿಳಿ ಪಟ್ಟಿ. ಕಟ್ಟೆಯಲ್ಲಿದ್ದ ಜನ ಅವನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದರು, ಸೋಂಕು ರೋಗವೇನೋ ಎಂಬಂತೆ. ಹಲಗೆ ಹಾಕಿದ ಕೂಡಲೇ ಅವನೊಬ್ಬನೇ ಹತ್ತಿ ಬಂದ. ಮೂವತ್ತೂ ಆಗಿರದ ಹುಡುಗ, ಚಳಿಗೆ ಮೂಗು ಕೆಂಪಾಗಿತ್ತು. ಹ್ಯಾಟಿಗೆ ಕೈ ಹಾಕಿದ್ದನ್ನು ನೋಡಿ ಗುನ್ವೋರ್ ಅವನ ಮಣಿಕಟ್ಟು ಹಿಡಿದಳು.

"ಹ್ಯಾಟು ತೆಗೀಬೇಡಿ ಪಾದ್ರಿಗಳೇ. ಹ್ಯಾಟು ತೆಗೆದ ಪಾದ್ರೀನ ದೂರದಿಂದ ನೋಡಿದ್ರೇ ಅವಳು ಬಿದ್ದುಹೋಗ್ತಾಳೆ. ಈ ಕಡೆ ಬನ್ನಿ."

ಹಲಗೆಯ ಪಕ್ಕದಲ್ಲಿ ಅಂಚೆ ಮೂಟೆ ಇಡುವ ಪುಟ್ಟ ಕೋಣೆಯಿತ್ತು. ಅವಳು ಅವನನ್ನು ಅದರೊಳಗೆ ತಳ್ಳಿಕೊಂಡೇ ಹೋದಳು.

"ಅಮ್ಮಾ, ನಾನು ಕಾರ್ಮೊಯ್‌ಯವರನ್ನ…"

"ಗೊತ್ತು, ಗೊತ್ತು. ನಾನೂ ಕಾರ್ಮೊಯ್‌ಯವಳೇ, ಅವಳ ಗೆಳತಿ. ನೀವು ಹೊಸಬರು ಅಂತ ಕಾಣುತ್ತೆ. ಇದಕ್ಕೆ ಮುಂಚೆ ಎಷ್ಟು ಸಲ ಮಾಡಿದ್ದೀರಿ?"

"ಒಂದು ಸಲ" ಎಂದ ಹುಡುಗ. "ಅದು ವಯಸ್ಸಾದವರದು."

"ಹಾಗಾದ್ರೆ ಕೇಳಿಸ್ಕೊಳ್ಳಿ. ಮೊದಲು ಅವಳನ್ನ ಕೂರಿಸಿ. ನಿಂತವರಿಗೆ ಹೇಳಬಾರದು. ನೀವೂ ಎದುರಿಗೆ ಕೂತ್ಕೊಳ್ಳಿ. ದೇವರ ಇಚ್ಛೆ ಗಿಚ್ಛೆ ಅಂತ ರಾಗ ಎಳೀಬೇಡಿ, ದೇವರ ಮಾತು ಆಮೇಲಿದೆ. ಕಾಣೆಯಾಗಿದ್ದಾನೆ, ಬಿಟ್ಟುಹೋದ, ಕರೆಸಿಕೊಂಡ, ಅದ್ಯಾವುದೂ ಬೇಡ. ಹುಡುಗನ ಹೆಸರು ಹೇಳಿ. ಆಮೇಲೆ ಸತ್ತಿದ್ದಾನೆ ಅಂತ ಹೇಳಿ. ಅಷ್ಟೇ. ಹೇಳಿದ ಮೇಲೆ ಕೈ ಹಿಡ್ಕೊಳ್ಳಿ. ಅವಳು ಏನಂದ್ರೂ ಬಿಡಬೇಡಿ. ತಿಳೀತಾ?"

"ತಿಳೀತು" ಎಂದ ಪಾದ್ರಿ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಸರಿ. ಈಗ ನನಗೆ ಹೇಳಿ. ನಾನು ಮೊದಲು ಗಟ್ಟಿ ಮಾಡ್ಕೋತೀನಿ, ಆಮೇಲೆ ಇಬ್ಬರೂ ಸೇರಿ ಸಿಗ್ನಿ ಹತ್ರ ಹೋಗೋಣ. ಔಡುನ್ ಸಿಕ್ಕಿದ್ನಾ?"

ಪಾದ್ರಿ ಅವಳನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಅವಳಿಗೆ ಸಿಟ್ಟು ಬಂತು.

"ನಿಮ್ಮ ಹೆಸರು ಹೇಳಲಿಲ್ಲ, ಅಮ್ಮಾ" ಎಂದ.

"ನನ್ನ ಹೆಸರು ತಗೊಂಡು ಏನು ಮಾಡ್ತೀರಿ? ಗುನ್ವೋರ್."

ಹುಡುಗ ಒಂದು ಅಂಚೆ ಮೂಟೆಯನ್ನು ಎಳೆದು ಅವಳ ಮುಂದಿಟ್ಟ. ಇನ್ನೊಂದನ್ನು ಎದುರಿಗೆ ಎಳೆದುಕೊಂಡ.

"ಕೂತ್ಕೊಳ್ಳಿ ಅಮ್ಮಾ."

"ನನಗೆ ಯಾಕೆ? ನಾನು ನಿಂತೇ ಕೇಳ್ತೀನಿ."

"ಕೂತ್ಕೊಳ್ಳಿ."

ಅವನ ದನಿಯಲ್ಲಿ ಏನಿತ್ತೋ, ಅವಳು ಕೂತಳು. ಅವನೂ ಎದುರಿಗೆ ಕೂತ. ಹ್ಯಾಟು ತೆಗೆಯಲಿಲ್ಲ.

"ಸ್ವೇನುಂಗ್ ಸತ್ತಿದ್ದಾನೆ" ಎಂದ. ಹೇಳಿ, ಅವಳ ಎರಡೂ ಕೈ ಹಿಡಿದುಕೊಂಡ.

ಗುನ್ವೋರಳಿಗೆ ನಗು ಬಂತು. ನಿಜವಾಗಿ ಬಂತು. "ಅಯ್ಯೋ ಹುಡುಗಾ" ಎಂದಳು. "ಯಾವ ಬಾಗಿಲು ತಟ್ಟೋಕೆ ಹೋಗಿ ಯಾವ ಬಾಗಿಲು ತಟ್ಟಿದ್ದೀಯಪ್ಪಾ. ಸ್ವೇನುಂಗ್ ನನ್ನ ಮಗ. ಅಲ್ಲಿದ್ದೋನು ಔಡುನ್. ಕಲಸಿಕೊಂಡಿದ್ದೀಯ. ಕೈ ಬಿಡು."

ಅವನು ಬಿಡಲಿಲ್ಲ.

"ಕೈ ಬಿಡು ಅಂದೆ! ಅವನು ಬುಧವಾರ ಇಳಿದ. ಬೆಟ್ಟದ ಮನೇಲಿದ್ದಾನೆ. ಅಲ್ಲಿ ಫೋನಿಲ್ಲ. ಅದಕ್ಕೇ ನಿಮಗೆ ಯಾರಿಗೂ ಸಿಕ್ಕಿಲ್ಲ."

"ಬೆಟ್ಟದ ಮನೇಲಿ ಇದ್ದದ್ದು ಔಡುನ್, ಅಮ್ಮಾ." ಹುಡುಗ ಒಂದೊಂದೇ ಮಾತನ್ನು ಕೆಳಗಿಟ್ಟಂತೆ ಹೇಳಿದ. "ಒಬ್ಬ ಹುಡುಗಿ ಜೊತೆ ಹೋಗಿದ್ದ. ಮದುವೆ ಮಾತು ಆಡೋಕೆ. ಅವನ ತಾಯಿಗೆ ಗೊತ್ತಾದ್ರೆ ಮನೆಗೆ ಸೇರಿಸಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ಸ್ವೇನುಂಗ್ ಮಂಗಳವಾರ ಫೋನು ಮಾಡಿ, ನೀನು ಬೆಟ್ಟಕ್ಕೆ ಹೋಗು, ನಿನ್ನ ಪಾಳೀನೂ ನಾನೇ ಮಾಡ್ತೀನಿ, ಕೀಲಿ ನಮ್ಮ ಮನೇಲಿದೆ ಅಂದನಂತೆ. ಔಡುನ್ ನಿನ್ನೆ ಬೆಳಗ್ಗೆ ಬ್ಯಾಟರಿ ರೇಡಿಯೊದಲ್ಲಿ ಕೇಳಿ, ಸ್ಕೀ ಮೇಲೆ ಕೆಳಗಿಳಿದು ಬಂದು ಕಂಪನಿಗೆ ಫೋನು ಮಾಡಿದ. ಸ್ವೇನುಂಗ್ ಸಂಜೆ ಸಿಕ್ಕಿದ. ನೋಡಿ ಗುರುತು ಹಿಡಿದೋನು ಔಡುನೇ."

ಗುನ್ವೋರ್ ಕೇಳಿಸಿಕೊಂಡಳು. ಪ್ರತಿ ಮಾತೂ ಅರ್ಥವಾಯಿತು. ಅರ್ಥವಾದರೂ ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತಿತು. ಬುಧವಾರ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದಳು. ಬೋಡೋದ ಫೋನಿನಲ್ಲಿ ಆ ಹುಡುಗಿ ಕೇಳಿದ್ದಳು, ಬೇರೆ ಯಾರಾದರೂ ಇದ್ದರಾ ಎಂದು. ದೇವರು ದೊಡ್ಡವನು ಎಂದಿದ್ದೆನಲ್ಲ. ಆಗ ಅವನು ನೀರಿನಲ್ಲಿದ್ದ. ನಾನು ದೇವರು ದೊಡ್ಡವನು ಎನ್ನುತ್ತಿರುವಾಗ ಅವನು ನೀರಿನಲ್ಲಿದ್ದ.

ಬಾಗಿಲು ದಡಾರನೆ ತೆರೆಯಿತು. ಸಿಗ್ನಿ ನಿಂತಿದ್ದಳು. ಹಿಂದೆ ಬೋರ್ಗಿಲ್ಡ್ ಏದುಸಿರು ಬಿಡುತ್ತ, "ಹಿಡಿಯೋಕಾಗ್ಲಿಲ್ಲ ಕಣೇ, ತಳ್ಳಿಕೊಂಡು ಬಂದ್ಲು" ಎನ್ನುತ್ತಿದ್ದಳು. ಸಿಗ್ನಿಯ ಕಣ್ಣು ಪಾದ್ರಿಯ ಕೊರಳಪಟ್ಟಿಯಲ್ಲೇ ನೆಟ್ಟಿತ್ತು.

"ಹೇಳಿ" ಎಂದಳು. "ನನ್ನದೇ ಅಂತ ಗೊತ್ತು. ಹೇಳಿಬಿಡಿ."

ಪಾದ್ರಿ ಎದ್ದು ನಿಲ್ಲಲು ಹೋದ. ಗುನ್ವೋರ್ ಅವನಿಗಿಂತ ಮೊದಲು ಮಾತಾಡಿದಳು. ಅದು ತನ್ನ ದನಿಯೆಂದು ಅವಳಿಗೇ ಅನ್ನಿಸಲಿಲ್ಲ.

"ಔಡುನ್ ಬದುಕಿದ್ದಾನೆ ಸಿಗ್ನಿ. ನೆಲದ ಮೇಲಿದ್ದಾನೆ. ಅವನು ಹೋಗಲೇ ಇಲ್ಲ. ಅವನ ಬದಲು ಸ್ವೇನುಂಗ್ ಉಳ್ಕೊಂಡ."

ಸಿಗ್ನಿಗೆ ಮೊದಲ ಮಾತು ಮಾತ್ರ ಕೇಳಿಸಿತು. ಅವಳ ಗಂಟಲಿನಿಂದ ಒಂದು ಸದ್ದು ಬಂತು, ಅಳುವಲ್ಲ, ನಗು. ಎಳೆಮಗುವಿನ ಕೇಕೆಯಂಥ, ತಡೆಯೇ ಇಲ್ಲದ ನಗು. "ಬದುಕಿದ್ದಾನಾ? ನನ್ನ ಮಗ ಬದುಕಿದ್ದಾನಾ?" ಎಂದು ಬೋರ್ಗಿಲ್ಡಳ ತೋಳು ಹಿಡಿದು ಕುಣಿದೇಬಿಟ್ಟಳು, ಕುಣಿತ ಪಾಪವೆನ್ನುತ್ತಿದ್ದ ಹೆಂಗಸು. ಆಮೇಲೆ ಉಳಿದ ಮಾತು ಅವಳೊಳಗೆ ಇಳಿಯಿತು. ಇಳಿಯುತ್ತಿದ್ದದ್ದು ಮುಖದಲ್ಲಿ ಕಾಣಿಸಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು. ಬೆರಳುಗಳ ಸಂದಿಯಿಂದ ನಗುವಿನ ಚೂರು ಇನ್ನೂ ಹೊರಗೆ ಬರುತ್ತಿತ್ತು, ಅವಳು ಅದನ್ನು ಒತ್ತಿ ಹಿಡಿಯಲು ನೋಡುತ್ತಿದ್ದಳು.

"ಗುನ್ವೋರ್… ನಾನು… ಗುನ್ವೋರ್…"

ಬೋರ್ಗಿಲ್ಡ್ ಮುಖ ತಿರುಗಿಸಿ ಗೋಡೆ ಹಿಡಿದುಕೊಂಡಳು. ಪಾದ್ರಿ ಹುಡುಗನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಗುನ್ವೋರಳ ಕಣ್ಣು ಒಣಗಿತ್ತು. ಅವಳು ಪಾದ್ರಿಯ ಹಿಡಿತದಿಂದ ಒಂದು ಕೈ ಬಿಡಿಸಿಕೊಂಡು, ಸಿಗ್ನಿಯ ಬಾಯಿಗೆ ಅಡ್ಡವಾಗಿದ್ದ ಕೈಯನ್ನು ಕೆಳಗಿಳಿಸಿದಳು.

"ಮುಚ್ಕೋಬೇಡ ಕಣೇ" ಎಂದಳು. "ನಗು. ಗುರುವಾರದಿಂದ ನಿನ್ನ ಕೈ ಹಿಡ್ಕೊಂಡು ನಾನೂ ಒಳಗೊಳಗೇ ಇದನ್ನೇ ನಗ್ತಿದ್ದೆ."